ಸಲಮಾಂಡರ್ ಕೆರೆಯ ಪಾಚಿ

ಯಮನೂರು, ತಾ. ನವಲಗುಂದ
10-3-1974

ಚಿ. ಶಿವಗಂಗವ್ವನಿಗೆ ಅಪ್ಪನ ಆಶೀರ್ವಾದ. ನಾವು ನೆಟ್ಟಗಿದ್ದೇವೆ. ನೀನು ಹೇಗಿರುವಿಯೋ ಆ ಬೆಟ್ಟಕ್ಕೇ ಗೊತ್ತು.

ನಿನ್ನ ಕಾಗದಗಳೆಲ್ಲ ಮುಟ್ಟಿವೆ. ಉತ್ತರ ಬರೆಯಲಿಲ್ಲ. ಯಾಕೆ ಎಂಬುದು ನಿನಗೂ ಗೊತ್ತು, ನನಗೂ ಗೊತ್ತು. ಅಣ್ಣಿಗೇರಿಯ ಸಂಬಂಧಕ್ಕೆ ನಾನು ಮಾತು ಕೊಟ್ಟು ಬಂದಿದ್ದೆ. ನೀನು ಒಲ್ಲೆ ಅಂದಿ, ಟ್ರಂಕು ಎತ್ತಿಕೊಂಡು ಹುಬ್ಬಳ್ಳಿ ಬಸ್ಸು ಹತ್ತಿದಿ. ಆವತ್ತು ನಾನು, "ಕಾಗದಾ ಬರೀಬ್ಯಾಡ. ಬರದ್ರೂ ನಾ ಓದಾಂವಲ್ಲ" ಅಂದಿದ್ದೆ. ಓದದೆ ಇರಲು ಆಗಲಿಲ್ಲ. ಮೊದಮೊದಲು ನಿಮ್ಮತ್ತೆ ಗೌರಕ್ಕನಿಗೆ ಓದಿ ಹೇಳಬೇಕು ಎಂಬ ನೆವ ಇತ್ತು. ಈಗ ಅವಳು ಹೊಲಕ್ಕೆ ಹೋದಾಗಲೂ ತೆಗೆದು ಓದುತ್ತೇನೆ.

ಅಣ್ಣಿಗೇರಿಯ ಹುಡುಗನಿಗೆ ಹೋದ ತಿಂಗಳು ಬೇರೆ ಕಡೆ ಮದುವೆಯಾಯಿತು. ಊಟಕ್ಕೂ ಕರೆದಿದ್ದರು, ಹೋಗಿ ಉಂಡು ಬಂದೆ. ಇನ್ನು ನನ್ನ ಸಿಟ್ಟನ್ನು ಎಲ್ಲಿ ತೂಗುಹಾಕಲಿ? ಅದಕ್ಕೇ ಬರೆಯಲು ಕೂತೆ.

ಪಂಚಾಯತಿಯವರು ಕೆರೆ ಕಾಯುವ ಕೆಲಸ ಈ ವರ್ಷವೂ ನನಗೇ ಇಟ್ಟಿದ್ದಾರೆ. ಬಾವಿಗಳೆಲ್ಲ ಸವಳು, ಊರು ಕುಡಿಯುವುದು ಇದೊಂದೇ ನೀರು ಎಂದು ಗೊತ್ತಿದ್ದರೂ ಚಪ್ಪಲಿ ಮೆಟ್ಟಿ ಮೆಟ್ಟಿಲು ಇಳಿಯುವ ಮಂದಿ ಇನ್ನೂ ಇದ್ದಾರೆ. ನನ್ನ ಬಾಯಿಯೂ ಇದೆ. ದಂಡೆಗೆ ಕೂತರೆ ಬಂದವರೆಲ್ಲ ಕೇಳುವುದು ಒಂದೇ: "ಮಗಳು ಏನ್ ನೌಕರಿ ಮಾಡ್ತಾಳ್ರಿ?" ಸರಕಾರದ್ದು ಅನ್ನುತ್ತೇನೆ. "ಸರಕಾರದಾಗ ಏನ್ರಿ?" ಹಲ್ಲಿ ಎಣಿಸುತ್ತಾಳೆ ಎಂದು ಹೇಗೆ ಹೇಳಲಿ? ಗೌರಕ್ಕನಂತೂ, "ಮಂದಿ ಹಲ್ಲಿ ಮೈಮ್ಯಾಲೆ ಬಿದ್ರ ಜಳಕಾ ಮಾಡ್ತಾರ, ಇಕಿ ಹಲ್ಲಿ ಹುಡಿಕ್ಕೊಂಡು ದೇಶಾ ಬಿಟ್ಟ ಹೋಗ್ಯಾಳ" ಎಂದು ದಿನಕ್ಕೊಮ್ಮೆ ಅನ್ನುತ್ತಾಳೆ.

ಆ ಪ್ರಾಣಿ ಹೇಗಿದೆ, ಅದರಿಂದ ಏನು ಉಪಯೋಗ, ನೀನು ಏನು ಉಣ್ಣುತ್ತಿ, ಸಂಗಾಟ ಯಾರಿದ್ದಾರೆ, ಎಲ್ಲ ಬಿಡಿಸಿ ಬರೆ.

ನಿನ್ನ ಅಪ್ಪ
ಈರಬಸಪ್ಪ


ದಾರ್ಜಿಲಿಂಗ್ ಬೆಟ್ಟ
2-4-1974

ತೀರ್ಥರೂಪ ಅಪ್ಪನವರಿಗೆ ಶಿವಗಂಗಾಳ ಶರಣು.

ನಿಮ್ಮ ಕಾಗದವನ್ನು ಅಂಚೆ ಕಚೇರಿಯ ಬಾಗಿಲಲ್ಲೇ ನಿಂತು ಓದಿದೆ. ಮನೆಗೆ ಬಂದು ಮತ್ತೆ ಓದಿದೆ. ಬಾಜು ಮನೆಯಲ್ಲಿ ಒಬ್ಬ ನೇಪಾಳಿ ಅಜ್ಜಿ ಇದ್ದಾಳೆ, ಅವಳಿಗೂ ತೋರಿಸಿದೆ. ಅವಳು ತಿರುಗಿಸಿ ಮುರುಗಿಸಿ ನೋಡಿ, ನಿಮ್ಮಪ್ಪನ ಅಕ್ಷರ ಬಹಳ ದುಂಡಗಿವೆ ಎಂದು ಕೈಸನ್ನೆ ಮಾಡಿದಳು. ನನ್ನ ಹಿಂದಿ ಅವಳಿಗೆ ಅರ್ಧ ತಿಳಿಯುತ್ತದೆ, ಅವಳ ಮಾತು ನನಗೆ ಅದಕ್ಕಿಂತ ಕಡಿಮೆ. ಸಂಗಾಟ ಯಾರು ಎಂದು ಕೇಳಿದಿರಲ್ಲ, ಅವಳೊಬ್ಬಳೇ.

ಅದು ಹಲ್ಲಿ ಅಲ್ಲ ಅಪ್ಪಾ. ಕಪ್ಪೆಯ ಬಳಗದ್ದು, ಆದರೆ ಬಾಲ ಇದೆ. ಹೆಸರು ಸಲಮಾಂಡರ್. ಗೇಣಿನಷ್ಟು ಉದ್ದ, ಕಂದು ಬಣ್ಣ, ಬೆನ್ನಿನ ಎರಡೂ ಬದಿಗೆ ಗಂಟುಗಳ ಸಾಲು. ಬಹಳ ನಿಧಾನಿ. ಕೈಯಲ್ಲಿ ಹಿಡಿದರೆ ಕಚ್ಚುವುದಿಲ್ಲ, ಹೆದರುವುದೂ ಇಲ್ಲ, ಸುಮ್ಮನೆ ನೋಡುತ್ತದೆ. ಚಳಿಗಾಲವೆಲ್ಲ ಕಲ್ಲಿನ ಕೆಳಗೆ, ಮರದ ಬೊಡ್ಡೆಯ ಕೆಳಗೆ ಮಲಗಿ, ಮೊದಲ ಮಳೆ ಬಿದ್ದ ಕೂಡಲೆ ನೀರಿಗೆ ಇಳಿದು ಬರುತ್ತದೆ. ಹೋದ ವರ್ಷ ಇಳಿದ ನೀರಿಗೇ ಈ ವರ್ಷವೂ. ಅಲ್ಲೇ ಮೊಟ್ಟೆ ಇಟ್ಟು ಮರಿ ಮಾಡುತ್ತದೆ.

ಇಡೀ ನಮ್ಮ ದೇಶದಲ್ಲಿ ಈ ಕುಲದ್ದು ಇದೊಂದೇ, ಅದೂ ಈ ಪೂರ್ವದ ಬೆಟ್ಟಗಳಲ್ಲಿ ಮಾತ್ರ. ಎಷ್ಟು ಉಳಿದಿವೆ ಎಂದು ಯಾರಿಗೂ ಗೊತ್ತಿಲ್ಲ. ಅದನ್ನು ತಿಳಿದು ಬರೆಯುವುದೇ ನನ್ನ ನೌಕರಿ. ಊರೂರು ತಿರುಗಿ ಮುದುಕರನ್ನು ಕೇಳುತ್ತೇನೆ. ಇಲ್ಲೊಂದು ಹೊಂಡ ಇತ್ತು, ತುಂಬ ಇದ್ದವು ಅನ್ನುತ್ತಾರೆ. ಹೋಗಿ ನೋಡಿದರೆ ಅಲ್ಲಿ ರಸ್ತೆ ಇರುತ್ತದೆ, ಇಲ್ಲವೆ ಬಜಾರು. ನೀರು ಉಳಿದ ಕಡೆ ಮೀನು ಬಿಟ್ಟಿದ್ದಾರೆ, ಮೀನು ಇವುಗಳ ಮರಿಯನ್ನು ತಿನ್ನುತ್ತವೆ. ಕೆಲವರು ಹಿಡಿದು ಒಣಗಿಸಿ ಔಷಧಿ ಅಂತ ಮಾರುತ್ತಾರೆ. ವನ್ಯಪ್ರಾಣಿಗಳಿಗೆ ಹೊಸ ಕಾಯದೆ ಬಂದಿದೆ. ಹುಲಿಯ ಹೆಸರು ಎಲ್ಲರ ಬಾಯಲ್ಲಿದೆ, ಇದರ ಸುದ್ದಿ ಕೇಳುವವರಿಲ್ಲ.

ನಾನು ನೋಡಿಕೊಳ್ಳುವ ಕೆರೆ ಒಂದು ಚಹಾ ತೋಟದೊಳಗಿದೆ. ಕೆರೆ ಅಂದರೆ ನೀವು ನಗುತ್ತೀರಿ, ನಮ್ಮ ಕಣದಷ್ಟು ದೊಡ್ಡದು. ತೋಟದ ಮ್ಯಾನೇಜರರಿಗೆ ಅದನ್ನು ಮುಚ್ಚಿ ಗೋದಾಮು ಕಟ್ಟಬೇಕಾಗಿದೆ. ಬಹಳ ಹೇಳಿಕೊಂಡ ಮೇಲೆ ಒಂದು ಮಾತು ಕೊಟ್ಟಿದ್ದಾರೆ. ದೀಪಾವಳಿಯೊಳಗೆ ಈ ಕೆರೆಯಲ್ಲಿ ಮರಿ ತೋರಿಸಿದರೆ ಕೆರೆ ಬಿಡುತ್ತಾರೆ. ಇಲ್ಲದಿದ್ದರೆ ಮಣ್ಣು ಬೀಳುತ್ತದೆ. ಈ ಮಳೆಗಾಲ ನನಗೆ ಬೇರೆ ಏನೂ ಬೇಡ, ಅವು ಅಲ್ಲಿ ಮರಿ ಮಾಡಿದರೆ ಸಾಕು.

ಕೆಲವು ದಿನ ಯಾರ ಜೊತೆಗೂ ಮಾತಿಲ್ಲದೆ ಸಂಜೆಯಾಗಿಬಿಡುತ್ತದೆ. ಆಗ ದಂಡೆಗೆ ಕೂತು ಅವುಗಳ ಜೊತೆಗೇ ನಮ್ಮೂರ ಮಾತಾಡುತ್ತೇನೆ, "ಏನ್ರಿ, ಊಟಾತೇನ್ರಿ?" ಅಂತ. ಉತ್ತರ ಕೊಡುವುದಿಲ್ಲ. ಅದರಲ್ಲಿ ಅವು ನಿಮ್ಮ ಕಡೆಯವೇ.

ಗೌರತ್ತೆಗೆ ಶರಣು.

ನಿಮ್ಮ ಮಗಳು
ಶಿವಗಂಗಾ


ಯಮನೂರು
6-6-1974

ಚಿ. ಶಿವಗಂಗವ್ವ,

ರೈಲಿನವರ ಮುಷ್ಕರದ ದೆಸೆಯಿಂದ ನಿನ್ನ ಕಾಗದ ಯಾವ ಸ್ಟೇಷನ್ನಿನಲ್ಲಿ ಮಲಗಿತ್ತೋ, ಹೋದ ವಾರ ಬಂತು. ಕೊನೆಯ ಮಾತು ಓದಿ ಗೌರಕ್ಕ ನಕ್ಕಳು. ನನಗೆ ನಗು ಬರಲಿಲ್ಲ.

ನಾನು ಅಲ್ಲಿಗೆ ಬರುತ್ತೇನೆ. ಬಿತ್ತಿಗೆ ಮುಗಿದ ಕೂಡಲೆ ಹೊರಡುತ್ತೇನೆ. ಕೆರೆ ನೋಡಿಕೊಳ್ಳಲು ಖಾಜಾಸಾಬನಿಗೆ ಹೇಳಿದ್ದೇನೆ. ಅವನೂ ನನ್ನ ಹಾಗೇ ಬಾಯಿಮಾಡುವ ಮನುಷ್ಯ, ಚಿಂತೆ ಇಲ್ಲ. ಅವನ ತಂಗಿ ಮೀರಾಬಿ ನವಲಗುಂದದಲ್ಲಿ ನೇಯುತ್ತಾಳಲ್ಲ, ನಿನಗೆ ಅಂತ ಒಂದು ಜಮಖಾನ ಕಳಿಸಿದ್ದಾಳೆ. "ಥಂಡಿ ನೆಲಾ ಐತಂತ, ಹುಡುಗಿ ಹ್ಯಾಂಗ ಮಲಗತದೋ" ಅಂದಳಂತೆ. ಗೌರಕ್ಕ ರೊಟ್ಟಿ ತಟ್ಟಿ ಒಣಗಿಸಲು ಈಗಲೇ ಶುರು ಮಾಡಿದ್ದಾಳೆ.

ಈ ವರ್ಷದ ಕೆರೆ ಕೆಲಸ ಮುಗಿಯಿತು. ಮನೆಗೊಂದು ಆಳು ಬಂದು ಮಳೆಗೆ ಮುಂಚೆಯೇ ಪಾಚಿ, ಜೊಂಡು ಎಲ್ಲ ಕಿತ್ತು ದಡಕ್ಕೆ ಹಾಕಿದೆವು. ನಾನು ನೀರಿನೊಳಗೇ ನಿಂತು ಮಾಡಿಸಿದೆ. ಕೊನೆಗೆ ಖಾಜಾಸಾಬ ಒಂದು ರೊಕ್ಕ ಒಗೆದು, ತಳದಲ್ಲಿ ಅದು ಕಂಡ ಮೇಲೆಯೇ ಎಲ್ಲರೂ ಮನೆಗೆ ಹೋದರು. ಒಂದು ಎಸಳು ಪಾಚಿ ಉಳಿದರೂ ನನಗೆ ಅನ್ನ ಸೇರುವುದಿಲ್ಲ, ನಿನಗೆ ಗೊತ್ತಲ್ಲ.

ನಿನ್ನ ಸಲಮಾಂಡರನನ್ನು ನೋಡಬೇಕಾಗಿದೆ. ನಿನ್ನನ್ನೂ.

ಅಪ್ಪ


ದಾರ್ಜಿಲಿಂಗ್ ಬೆಟ್ಟ
24-6-1974

ಅಪ್ಪಾ,

ಬರುತ್ತೀರಿ ಎಂದು ಓದಿ ಕೋಣೆಯನ್ನೆಲ್ಲ ಸಾರಿಸಿ ಒರೆಸಿದೆ. ಆದರೆ ಜುಲೈ ಮೊದಲ ವಾರ ನಾನು ಕಲ್ಕತ್ತೆಯ ಆಫೀಸಿಗೆ ವರದಿ ಕೊಡಲು ಹೋಗಬೇಕು, ತಪ್ಪಿಸುವ ಹಾಗಿಲ್ಲ. ನೀವು ಮೊದಲೇ ಮುಟ್ಟಿದರೆ ಕೀಲಿ ಅಜ್ಜಿಯ ಹತ್ತಿರ ಇರುತ್ತದೆ. ವಾರದೊಳಗೆ ಬಂದುಬಿಡುತ್ತೇನೆ.

ಅವು ಇಳಿದು ಬಂದಿವೆ, ಈ ಸಲ ಬಹಳ. ದಂಡೆಗೆ ಕೂತು ನೋಡಿ, ನಿಮಗೆ ಬೇಸರ ಆಗುವುದಿಲ್ಲ.

ಶಿವಗಂಗಾ


ಯಮನೂರು
4-8-1974

ಚಿ. ಶಿವಗಂಗವ್ವನಿಗೆ ಆಶೀರ್ವಾದ.

ಸುಖವಾಗಿ ಊರು ಮುಟ್ಟಿದೆ. ಬಸ್ಸಿಳಿದಾಗಿನಿಂದ ನಿನ್ನ ಸುದ್ದಿಯನ್ನೇ ಹೇಳುತ್ತಿದ್ದೇನೆ. ಕೇಳುವವರು ದಣಿದಿದ್ದಾರೆ, ನಾನು ದಣಿದಿಲ್ಲ.

ಅಲ್ಲಿದ್ದಾಗ ನಿನಗೆ ಸರಿಯಾಗಿ ಹೇಳಲು ಆಗಲೇ ಇಲ್ಲ, ಈಗ ಬರೆಯುತ್ತೇನೆ. ಅಜ್ಜಿ ಕೀಲಿ ಕೊಟ್ಟಳು, ಚಹಾ ಕೊಟ್ಟಳು, ಕೆರೆ ತೋರಿಸಿದಳು. ದಂಡೆಯಿಂದ ದಂಡೆಯ ತನಕ ಜೊಂಡು, ಪಾಚಿ, ಕೊಳೆತ ಎಲೆ. ಈರಬಸಪ್ಪನ ಮಗಳು ಕಾಯುವ ಕೆರೆ ಇದೇನು ಅನಿಸಿತು. ಪಾಪ, ಒಬ್ಬ ಹುಡುಗಿ ಎಷ್ಟು ಕಡೆ ನೋಡಬೇಕು, ಕೈಸಾಗಿಲ್ಲ ಅಂದುಕೊಂಡೆ. ಮ್ಯಾನೇಜರನಾದರೂ ಏನು ಮಾಡಿಯಾನು, ಇಂಥ ಹೊಲಸು ನೀರನ್ನು ಮುಚ್ಚದೆ ಇಟ್ಟುಕೊಳ್ಳುತ್ತಾನೆಯೇ?

ಧೋತರ ಕಟ್ಟಿ ಇಳಿದೆ. ನೀರು ಎಂಥ ಥಂಡಿ, ಎಲುಬಿನ ತನಕ ಇಳಿಯಿತು. ಅಜ್ಜಿ ದಂಡೆಗೆ ನಿಂತು ಕೈ ಬೀಸಿ ಏನೇನೋ ಒದರಿದಳು, ಥಂಡಿ ಹತ್ತುತ್ತದೆ ಅನ್ನುತ್ತಿರಬೇಕು. "ಏನೂ ಆಗಂಗಿಲ್ಲ ಬಿಡ್ರಿ" ಅಂದೆ. ನಿನ್ನ ಸಲಮಾಂಡರಗಳಿಗೆ ಒಂದಿಷ್ಟೂ ನೋವಾಗಗೊಡಲಿಲ್ಲ. ಒಂದೊಂದನ್ನೂ ಎರಡೂ ಕೈಯಿಂದ ಎತ್ತಿ ದಡಕ್ಕೆ ಬಿಟ್ಟು, ಕೆಲಸ ಮುಗಿದ ಮೇಲೆ ಹೊಳ್ಳಿ ನೀರಿಗೆ ಬಿಟ್ಟೆ. ಜೊಂಡಿನ ಎಲೆಗೆ ಸಾಬೂದಾಣಿಯಂಥ ಕಾಳು ಅಂಟಿದ್ದವು, ಎಲ್ಲ ಕಡೆ. ಯಾವುದೋ ಹುಳದ ತತ್ತಿ. ಅದನ್ನು ನೀರಲ್ಲಿ ಬಿಡಬಾರದೆಂದು ಜೊಂಡಿನ ಸಮೇತ ಹೊತ್ತು ಕೆಳಗಿನ ಇಳಿಜಾರಿಗೆ ಒಗೆದು ಬಂದೆ. ನೀನು ಬರುವುದರೊಳಗೆ ತಳದ ಕಲ್ಲು ಕಾಣುತ್ತಿತ್ತು.

ನೀನು ಚೀಲ ಹೆಗಲಿಗೆ ಹಾಕಿಕೊಂಡೇ ಬಂದು ನಿಂತಿ. "ಯಾರು ಮಾಡಿದ್ರು?" ಅಂದಿ. "ನಾನ" ಅಂದೆ. ಅಲ್ಲೇ ನೆಲಕ್ಕೆ ಕೂತುಬಿಟ್ಟಿ. ಆಮೇಲೆ ನನ್ನ ಕೈ ಹಿಡಿದು ನೋಡಿ, "ಒಳಗ ನಡೀರಿ ಅಪ್ಪಾ, ಕೈ ತಣ್ಣಗಾಗ್ಯಾವ" ಅಂದಿ. ನಾನಿದ್ದ ಉಳಿದ ದಿನಗಳಲ್ಲಿ ಆ ಇಳಿಜಾರಿನಲ್ಲೇ ಹೆಚ್ಚು ಇದ್ದಿ, ಆಫೀಸಿನ ಕೆಲಸ ಅಂದಿ. ಕಣ್ಣು ಕೆಂಪಾಗಿದ್ದವು, ರೈಲಿನ ನಿದ್ದೆಗೇಡು ಅಂದಿ. ಮಾತು ಹೆಚ್ಚಾಗಲಿಲ್ಲ. ಇರಲಿ, ನಾನೂ ಮಾತಿನವನಲ್ಲ. ನಿನ್ನ ತಾಯಿ ಹೋದ ಮೇಲೆ ನಿನಗಾಗಿ ಅಂತ ಈ ಕೈಯಿಂದ ಮಾಡಿದ್ದು ಇದೇ ಮೊದಲು. ಅದು ಮನಸ್ಸಿಗೆ ಭಾಳ ಸಮಾಧಾನ ಕೊಟ್ಟಿದೆ.

ಮರಿ ಕಂಡ ಕೂಡಲೆ ಬರೆ. ಊರವರೆಲ್ಲ ಕೇಳುತ್ತಿದ್ದಾರೆ.

ನಿನ್ನ ಅಪ್ಪ
ಈರಬಸಪ್ಪ


ದಾರ್ಜಿಲಿಂಗ್ ಬೆಟ್ಟ
11-9-1974

ಅಪ್ಪನವರಿಗೆ ಶರಣು.

ನಿಮ್ಮ ಕಾಗದ ಬಂತು. ಇಲ್ಲಿ ಮಳೆ ನಿಂತಿಲ್ಲ. ಜಮಖಾನ ಬೆಚ್ಚಗಿದೆ, ಮೀರಾಬಿಯವರಿಗೆ ಹೇಳಿ. ಕೆರೆ ನೀವು ಬಿಟ್ಟು ಹೋದ ಹಾಗೇ ಇದೆ, ತಿಳಿಯಾಗಿ. ಬರೆಯುವಂಥದ್ದು ಬೇರೆ ಏನೂ ಇಲ್ಲ.

ಶಿವಗಂಗಾ


ಯಮನೂರು
20-11-1974

ಚಿ. ಶಿವಗಂಗವ್ವ,

ದೀಪಾವಳಿ ಆಗಿ ಹೋಯಿತು. ನಿನ್ನಿಂದ ಕಾಗದವಿಲ್ಲ. ನಾಲ್ಕು ನಾಲ್ಕು ಪುಟ ಬರೆಯುತ್ತಿದ್ದವಳು ಕಳೆದ ಸಲ ನಾಲ್ಕು ಸಾಲು ಬರೆದಿ. ಇಂಥ ಮೌನದ ಗುರುತು ನನಗಿದೆ, ಅದು ನನ್ನದೇ. ಸಿಟ್ಟಿದ್ದಾಗ ನಾನೂ ಹೀಗೇ ಮಾಡುತ್ತೇನೆ.

ಹೋದ ವಾರ ನವಲಗುಂದದ ಸಂತೆಗೆ ಹೋಗಿದ್ದೆ. ಹೈಸ್ಕೂಲಿನಲ್ಲಿ ನಿನಗೆ ವಿಜ್ಞಾನ ಕಲಿಸಿದ ಮಡಿವಾಳೆಪ್ಪ ಮಾಸ್ತರರು ಸಿಕ್ಕರು. ಚಹಾ ಕುಡಿಯುತ್ತ ನಿನ್ನ ಕೆರೆಯ ಕತೆ ಹೇಳಿದೆ. ನಗುನಗುತ್ತ ಕೇಳುತ್ತಿದ್ದರು. ಸಾಬೂದಾಣಿಯಂಥ ಕಾಳು ಅಂದ ಕೂಡಲೆ ನಗು ಬಿಟ್ಟು ನನ್ನ ಮುಖ ನೋಡಿದರು. ಯಾಕ್ರಿ ಮಾಸ್ತರ ಅಂದರೆ, "ನನಗ ಅಷ್ಟು ತಿಳಿಯಂಗಿಲ್ಲ ಈರಬಸಪ್ಪ, ಮಗಳನ್ನ ಕೇಳ್ರಿ" ಅಂದು, ಕಪ್ಪು ಅರ್ಧಕ್ಕೇ ಇಟ್ಟು ಎದ್ದು ಹೋದರು.

ಅವತ್ತಿನಿಂದ ನನಗೆ ಊಟ ರುಚಿಸುತ್ತಿಲ್ಲ. ಆ ಕಾಳು ಏನು, ಖರೆ ಬರೆ. ನನ್ನ ಮನಸ್ಸು ನೋಯುತ್ತದೆ ಎಂದು ಒಂದು ಅಕ್ಷರವನ್ನೂ ಬಿಡಬೇಡ.

ಅಪ್ಪ


ದಾರ್ಜಿಲಿಂಗ್ ಬೆಟ್ಟ
15-12-1974

ಅಪ್ಪಾ,

ಅವು ಸಲಮಾಂಡರಿನ ಮೊಟ್ಟೆಗಳು. ಈ ಪ್ರಾಣಿ ಕಪ್ಪೆಯ ಹಾಗೆ ಒಂದೇ ಕಡೆ ರಾಶಿ ಇಡುವುದಿಲ್ಲ. ನೀರೊಳಗಿನ ಜೊಂಡಿಗೆ, ಎಲೆಗೆ, ಒಂದೊಂದೇ ಅಂಟಿಸಿ ಹೋಗುತ್ತದೆ. ಏಪ್ರಿಲ್ಲಿನ ಕಾಗದದಲ್ಲಿ ಇಷ್ಟೆಲ್ಲ ಬರೆದವಳು ಅದೊಂದನ್ನು ಬರೆದಿರಲಿಲ್ಲ. ನೀವು ನೀರಿಗೆ ಇಳಿಯುತ್ತೀರಿ ಎಂದು ನನಗೆ ಹೊಳೆದಿರಲೇ ಇಲ್ಲ. ಹೊಳೆಯಬೇಕಿತ್ತು, ನಾನು ನಿಮ್ಮ ಮಗಳು.

ಇಳಿಜಾರಿನಲ್ಲಿ ನನ್ನ ಕೆಲಸ ಅದೇ ಆಗಿತ್ತು. ನೀವು ಒಗೆದ ಜೊಂಡನ್ನು ಎಳೆ ಎಳೆಯಾಗಿ ಬಿಡಿಸಿ ಹುಡುಕಿದೆ. ಹೆಚ್ಚಿನವು ಒಣಗಿದ್ದವು, ಇಲ್ಲವೆ ಕೋಳಿಯ ಪಾಲಾಗಿದ್ದವು. ಕೆಲವು ಒದ್ದೆ ಉಳಿದಿದ್ದವು. ಜೊಂಡಿಲ್ಲದ ಕೆರೆಯಲ್ಲಿ ಅವಕ್ಕೆ ಆಸರೆ ಇರಲಿಲ್ಲ, ಪಾತೇಲಿಯಲ್ಲಿ, ಬೋಗುಣಿಯಲ್ಲಿ ನೀರು ಹಾಕಿ ಮಂಚದ ಕೆಳಗೆ ಇಟ್ಟೆ. ನೀವು ಅದೇ ಮಂಚದ ಮೇಲೆ ಮಲಗಿದ್ದಿರಿ.

ಕೆಲವು ಮರಿಯಾದವು. ದೀಪಾವಳಿಗೆ ಮ್ಯಾನೇಜರರಿಗೆ ಅವನ್ನೇ ತೋರಿಸಿದೆ. ಅವರು ಕೆಟ್ಟವರಲ್ಲ. ಬಗ್ಗಿ ನೋಡಿದರು, ಕೆರೆಯನ್ನೂ ನೋಡಿದರು. ಇವು ಪಾತೇಲಿಯ ಮರಿ, ನಾನು ಕೇಳಿದ್ದು ಕೆರೆಯ ಮರಿ ಅಂದರು. ಮಾತು ಸರಿಯಾಗಿಯೇ ಇತ್ತು. ಮರುದಿನ ಲಾರಿಯಲ್ಲಿ ಮಣ್ಣು ಬಂತು. ಈಗ ಅಲ್ಲಿ ಸಪಾಟಾಗಿದೆ, ಕಲ್ಲು ತಂದು ಪೇರಿಸಿದ್ದಾರೆ. ನನ್ನ ಪಟ್ಟಿಯಲ್ಲಿ ಆ ಕೆರೆಯ ಮುಂದೆ "ಇಲ್ಲ" ಎಂದು ಬರೆದು ಕಲ್ಕತ್ತೆಗೆ ಕಳಿಸಿದೆ. ಮರಿಗಳನ್ನು ಕಾಡಿನ ಬದಿಯ ಗಟಾರಕ್ಕೆ ಬಿಟ್ಟೆ, ಚಳಿಗೆ ಎಷ್ಟು ಉಳಿದವೋ ಗೊತ್ತಿಲ್ಲ.

ನಿಮ್ಮ ಮೇಲೆ ಸಿಟ್ಟು ಬಂದಿತ್ತು. ಈಗಲೂ ಇದೆ. ಆದರೆ ಆವತ್ತು ನಿಮ್ಮ ಬೆರಳೆಲ್ಲ ನೀರಿಗೆ ಬೆಳ್ಳಗಾಗಿ ಸುಕ್ಕಾಗಿದ್ದವು, ಚೊಲೋ ಮಾಡಿದಿರಿ ಅನ್ನಲಿ ಎಂದು ನನ್ನ ಮುಖ ನೋಡುತ್ತ ನಿಂತಿದ್ದಿರಿ. ಎರಡು ವರ್ಷ ನಿಮ್ಮ ಒಂದು ಅಕ್ಷರಕ್ಕೆ ಕಾದವಳು ನಾನು. ಹೇಳಿದರೆ ನೀವು ಮತ್ತೆ ಬರೆಯುವುದನ್ನು ಬಿಟ್ಟುಬಿಡುತ್ತೀರಿ ಎಂದು ಹೆದರಿದೆ. ಹೇಳದೆ ಇದ್ದು ನಾನೇ ಬರೆಯುವುದನ್ನು ಬಿಟ್ಟೆ.

ಮಳೆ ಬಿದ್ದ ಕೂಡಲೆ ಹಳೆಯವು ಇಳಿದು ಬರುತ್ತವೆ. ಕೆರೆ ಇಲ್ಲ ಎಂಬುದು ಅವಕ್ಕೆ ಗೊತ್ತಿಲ್ಲ.

ಶಿವಗಂಗಾ


ಯಮನೂರು
28-2-1975

ಚಿ. ಶಿವಗಂಗವ್ವ,

ಎರಡು ತಿಂಗಳು ನಿನಗೆ ಬರೆಯಲು ಆಗಲಿಲ್ಲ. ಬರೆಯುವುದನ್ನು ಬಿಟ್ಟಿಲ್ಲ, ಆಗಲಿಲ್ಲ, ಅಷ್ಟೇ.

ಮೊದಲು ನನಗೆ ನಿನ್ನ ಮೇಲೆಯೇ ಸಿಟ್ಟು ಬಂತು. ಎದುರಿಗೇ ಯಾಕೆ ಬೈಯಲಿಲ್ಲ? ಬೈಸಿಕೊಳ್ಳಲಾರದಷ್ಟು ದೊಡ್ಡವನೇ ನಾನು? ಆಮೇಲೆ, ನಿನ್ನನ್ನು ಹೀಗೆ ಹೆದರುವಂತೆ ಮಾಡಿದವನು ಯಾರು ಎಂದು ಕೇಳಿಕೊಂಡೆ. ಮನೆಯಲ್ಲಿ ಮತ್ತೊಬ್ಬ ಗಂಡಸು ಇಲ್ಲ, ಯಾರ ಮೇಲೂ ಹಾಕಲು ಬರಲಿಲ್ಲ.

ಕೆರೆಗೆ ಕೆಲವು ದಿನ ಖಾಜಾಸಾಬನನ್ನೇ ಕಳಿಸಿದೆ. "ಯಾಕೋ, ಮೈಯಾಗ ನೆಟ್ಟಗಿಲ್ಲೇನು?" ಅಂದ. ಎಲ್ಲ ಹೇಳಿದೆ. ಅವನು ಬೀಡಿ ಹಚ್ಚಿಕೊಂಡು, "ನೀನು ಅಲ್ಲೂ ಇದ ಕೆರಿ ಐತಿ ಅಂತ ತಿಳಕೊಂಡಿ" ಅಂದ. ಹೌದು. ನೀರು ಅಂದರೆ ಕುಡಿಯುವುದು ಎಂದಷ್ಟೇ ನನಗೆ ಗೊತ್ತು. ಅದು ಮತ್ತೊಬ್ಬರಿಗೆ ಮನೆಯಾಗಿದ್ದೀತು ಎಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಊರ ಕೆರೆಯ ಪಾಚಿ ನಾನು ತೆಗೆಯಲೇಬೇಕು, ಮಂದಿ ಕುಡಿಯುತ್ತಾರೆ. ಆದರೆ ಇಷ್ಟು ವರ್ಷ ಏನೇನು ದಡಕ್ಕೆ ಹಾಕಿದೆನೋ ಎಂಬ ವಿಚಾರ ಈಗ ಬಿಡುತ್ತಿಲ್ಲ.

ತಪ್ಪಾಯಿತು ಅನ್ನುವುದು ನಮ್ಮ ಮನೆತನದಲ್ಲಿ ಯಾರ ಬಾಯಿಗೂ ಬಂದದ್ದಿಲ್ಲ. ಬರೆಯಲಾದರೂ ಬರುತ್ತದೇನೋ ನೋಡುತ್ತೇನೆ. ಮಗಳೇ, ತಪ್ಪಾಯಿತು.

ಹಳೆಯವು ಇಳಿದು ಬರುತ್ತವೆ ಅಂದಿ. ಹೊಂಡ ತೋಡುವುದು ನನಗೆ ಗೊತ್ತು. ತಳಕ್ಕೆ ಮಣ್ಣು ತುಳಿದು ನೀರು ಬಸಿಯದ ಹಾಗೆ ಮಾಡುವುದೂ ಗೊತ್ತು. ಜಾಗ ನೀನು ತೋರಿಸು, ಎಷ್ಟು ಆಳ, ಎಷ್ಟು ಅಗಲ ನೀನು ಹೇಳು. ನೀನು ಬೇಡ ಅಂದರೆ ಬರುವುದಿಲ್ಲ, ಅದಕ್ಕೂ ಸಿಟ್ಟಾಗುವುದಿಲ್ಲ.

ನಿನ್ನ ಅಪ್ಪ
ಈರಬಸಪ್ಪ


ದಾರ್ಜಿಲಿಂಗ್ ಬೆಟ್ಟ
2-4-1975

ತೀರ್ಥರೂಪ ಅಪ್ಪನವರಿಗೆ ಶರಣು.

ಈ ವರ್ಷ ಮಳೆ ಬೇಗ ಬಂತು. ನಿಮ್ಮ ಕಾಗದ ಬರುವುದಕ್ಕೆ ಮುಂಚೆಯೇ ಅವು ಬಂದವು.

ನಾನು ಅಲ್ಲಿ ನಿಂತಿದ್ದೆ. ಹೋದ ವರ್ಷ ಬಂದಷ್ಟು ಇರಲಿಲ್ಲ, ಆದರೂ ಬಂದವು. ಕೆರೆಯಿದ್ದ ಜಾಗದ ನಡುವೆ ಬಂದು ನಿಂತವು. ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ ನಡೆದವು, ಹೊಳ್ಳಿ ಅಲ್ಲಿಗೇ ಬಂದವು. ಕಲ್ಲಿನ ರಾಶಿಯ ಸಂದಿಯಲ್ಲಿ ಮಳೆನೀರು ಅಂಗೈಯಷ್ಟು ನಿಂತಿತ್ತು, ಅದರಲ್ಲಿ ಒಂದರ ಮೇಲೊಂದು ಇಳಿದು ಕೂತವು. ನನಗೆ ತಡೆದುಕೊಳ್ಳಲು ಆಗಲಿಲ್ಲ, ಅತ್ತುಬಿಟ್ಟೆ. ಆಮೇಲೆ ಅಜ್ಜಿಯೂ ನಾನೂ ಬಕೀಟಿನಲ್ಲಿ ತುಂಬಿಕೊಂಡು ಕಾಡಿನ ಬದಿಯ ಗಟಾರಕ್ಕೆ ಒಯ್ದು ಬಿಟ್ಟೆವು. ಗಟಾರದ ನೀರು ಹೆಚ್ಚು ದಿನ ನಿಲ್ಲುವುದಿಲ್ಲ.

ಅಜ್ಜಿ ತನ್ನ ಮೆಕ್ಕೆಜೋಳದ ಹೊಲದ ಮೂಲೆ ಕೊಡುತ್ತೇನೆ ಅಂದಿದ್ದಾಳೆ. ಅಲ್ಲಿ ವರ್ಷವಿಡೀ ಒರತೆ ಜಿನುಗುತ್ತದೆ. ಸೊಂಟದ ಆಳ ಸಾಕು. ಗುದ್ದಲಿ, ಬುಟ್ಟಿ ಅವಳಲ್ಲೇ ಇವೆ. ಸಲಮಾಂಡರಗಳು ಹೊಸ ನೀರನ್ನು ತಮ್ಮದು ಎಂದು ಒಪ್ಪುತ್ತವೆಯೋ ಇಲ್ಲವೋ, ಒಪ್ಪಿದರೂ ಎಷ್ಟು ವರ್ಷಕ್ಕೋ, ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ.

ಬೇಡ ಅಂದರೆ ಬರುವುದಿಲ್ಲ ಎಂದು ಬರೆದಿದ್ದೀರಿ. ಅದಕ್ಕೆ ಉತ್ತರ ಬರೆಯುವ ಮುಂಚೆ ಒಂದು ಮಾತು ಕೇಳುತ್ತೇನೆ. ಹೊಂಡ ತೋಡುವುದು ಕೆಲವು ದಿನದ ಕೆಲಸ, ನಿಮಗೆ ಅದು ಲೆಕ್ಕಕ್ಕಿಲ್ಲ. ತೋಡಿದ ಮೇಲೆ ಅದರಲ್ಲಿ ಪಾಚಿ ಬರುತ್ತದೆ, ಜೊಂಡು ಬರುತ್ತದೆ, ಎಲೆ ಬಿದ್ದು ಕೊಳೆಯುತ್ತದೆ, ತಳ ಕಾಣುವುದಿಲ್ಲ. ಅವೆಲ್ಲ ಬರಲೇಬೇಕು. ಆಗ ಕೈ ಹಾಕದೆ, ಬಾಯಿ ಮಾಡದೆ, ದಂಡೆಗೆ ಸುಮ್ಮನೆ ಕೂತಿರಲು ನಿಮಗೆ ಆಗುತ್ತದೆಯೇ?

ಆಗುತ್ತದೆ ಅಂದರೆ ಬನ್ನಿ ಅಪ್ಪಾ. ಇಲ್ಲಿ ನನ್ನ ಬಾಜು ಕೂಡುವವರು ಯಾರೂ ಇಲ್ಲ.

ನಿಮ್ಮ
ಶಿವಗಂಗಾ